ಒಂಬತ್ತು ದಿನದ ಮಟ್ಟಿಗೆ

ಜೋಯಪ್ಪಾ, ಬೀಗದ ಕೈ ಇಲ್ಲಿದೆ.
ಹಾಲಿನವನಿಗೆ ಹೇಳಿದ್ದೇನೆ, ಅರ್ಧ ಲೀಟರು ಸಾಕು.
ಮೈಸೂರಲ್ಲಿ ಒಂದು ಕಣ್ಣು ಮೊದಲು,
ವಾರ ಬಿಟ್ಟು ಇನ್ನೊಂದು. ಒಂಬತ್ತು ದಿನ
ಈ ಕುಂಡಗಳೂ ಬೆಕ್ಕೂ ಸುಬೇದಾರನೂ ನಿನ್ನ ತಲೆಗೆ.

ನೀರು ಬೆಳಿಗ್ಗೆ, ಬಿಸಿಲು ಮೆಟ್ಟಿಲು ಹತ್ತುವ ಮೊದಲು.
ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗಿಳಿಸು,
ಹಸಿ ತಾಗಿದರೆ ಚೊಂಬು ಎತ್ತಬೇಡ.
ಪ್ರೀತಿ ಸುರಿದು ಕೊಂದ ಗಿಡ
ನನ್ನ ಲೆಕ್ಕದಲ್ಲಿ ಹದಿನೇಳಿವೆ.

ತೋಟದವರೆಲ್ಲ ಹಾಕುತ್ತಾರೆಂದು
ಫಿಲ್ಟರಿನ ಚರಟ ಬುಡಕ್ಕೆ ಸುರಿಯಬೇಡ;
ಅವನು ನೆಕ್ಕುತ್ತಾನೆ, ಎದೆ ಡಬಡಬ ಹೊಡೆದುಕೊಳ್ಳುತ್ತದೆ.
ಎಲುಬಿನ ಗೊಬ್ಬರವೂ ಬೇಡ,
ನಿವೃತ್ತ ಮೂಗಾದರೂ ಅಗೆಯುವುದು ಮರೆತಿಲ್ಲ.
ಬೆಕ್ಕಿಗೆ ಜರೀಗಿಡದ ಕುಂಡವೇ ಕಕ್ಕಸು.
ಕಿತ್ತಳೆ ಸಿಪ್ಪೆ ಹರಿದು ಮಣ್ಣಿನ ಮೇಲೆ ಹಾಸು,
ಮೂತಿ ತಿರುವಿ ಹೋಗುತ್ತಾಳೆ
ಸೊಸೈಟಿಯ ಗುಮಾಸ್ತೆಯ ಹಾಗೆ.

ಮೊದಲು ಇಲ್ಲಿ ಲಿಲ್ಲಿ ಇತ್ತು, ಸೈಕಸ್ ಇತ್ತು,
ರಾಜಾಸೀಟಿನ ಪ್ರದರ್ಶನದಲ್ಲಿ ಎರಡನೇ ಬಹುಮಾನ ತಂದ
ಆಂಥೂರಿಯಂ ಹನ್ನೊಂದು.
ಸೈಕಸಿನ ಒಂದೇ ಒಂದು ಕೆಂಪು ಬೀಜ
ಸುಬೇದಾರನ ತಾಯಿ ಮುನ್ನಿಯ ಹೊಟ್ಟೆಗೆ.
ಗೋಣಿಕೊಪ್ಪದ ಡಾಕ್ಟರು ಬೆಳಗಿನ ಜಾವ ಕೈ ತೊಳೆದುಕೊಂಡು
ಅಂದದ ಗಿಡ ಅದು, ಎಂದರು. ಬೇರೇನೂ ಹೇಳಲಿಲ್ಲ.
ಆಂಥೂರಿಯಂ ಮಾತ್ರ ಉಳಿಸಿಕೊಂಡೆ, ತೊಲೆಗೆ ತಂತಿ ಬಿಗಿದು,
ಯಾವ ನಾಲಿಗೆಗೂ ಎಟುಕದ ಎತ್ತರದಲ್ಲಿ.
ನೀರಿಗೆ ಕುರ್ಚಿ ಹತ್ತಬೇಕು.
ನೀಲಿಯದು ಬೇಡ, ಅದರ ಒಂದು ಕಾಲು ಸುಳ್ಳು.

ಈಗ ಮುಖ್ಯವಾದದ್ದು:
ಒಂದು ಕುಂಡವನ್ನೂ ಸರಿಸಬೇಡ. ಗುಡಿಸುವಾಗಲೂ.
ಸುಬೇದಾರನಿಗೆ ಕಣ್ಣು ಹೋಗಿ ಎರಡು ವರ್ಷ.
ರೋಸ್‌ಮೆರಿ ಎಂದರೆ ಅವನಿಗೆ ಮೆಟ್ಟಿಲು.
ಕಾಮಕಸ್ತೂರಿ ಎಂದರೆ ಅನ್ನದ ತಟ್ಟೆ.
ಮಲ್ಲಿಗೆ ಎಂದರೆ ಗೇಟು, ರಸ್ತೆ, ನಿಲ್ಲು.
ಮೂಗಿನಲ್ಲಿ ಓದಿಕೊಂಡು ಹೋಗುತ್ತಾನೆ,
ಅಕ್ಷರ ತಪ್ಪದೆ.

ಕೊನೆಯ ನಿಲ್ದಾಣ ಆ ಕತ್ತರಿಸಿದ ಕಾಮಿನಿ ಗಿಡ.
ಬೊಳ್ಕ ಮೂರು ವರ್ಷ ಕತ್ತರಿ ಆಡಿಸಿ ಮಾಡಿದ್ದು.
ಕರಡಿ ಎಂದ ಬೊಳ್ಕ. ಹೋರಿ ಎಂದ ಅಂಚೆಯವನು.
ನನ್ನ ಮಂಜುಗಣ್ಣಿಗೆ ಕೆಲವು ಸಂಜೆ
ಯಾರೋ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚುವ ಹಾಗೆ.
ಹಿಂಗಾಲು ಕಂದಿದೆ, ಯಾಕೆಂದು ನಿನಗೇ ತಿಳಿಯುತ್ತದೆ:
ಸುಬೇದಾರ ಸಲ್ಯೂಟಿಗೆ ಕಾಲೆತ್ತಿದ ಕೂಡಲೇ
ಅದೇ ಜಾಗಕ್ಕೆ ಒಂದು ಚೊಂಬು ನೀರು ಹೊಯ್ಯಿ.
ಆದರೆ ಎಷ್ಟೇ ಚಿಗುರು ಚಾಚಲಿ, ಕತ್ತರಿ ಮುಟ್ಟಬೇಡ.
ತುಂಡಾದ ಎಲೆಯ ವಾಸನೆ ಬಂದರೆ ಸಾಕು,
ಬೊಳ್ಕ ಬಂದ ಅಂದುಕೊಳ್ಳುತ್ತದೆ ನಾಯಿ.
ಬೊಳ್ಕ ತಿತಿಮತಿ ಕಡೆಯ ನರ್ಸರಿ ಸೇರಿ ವರ್ಷವಾಯಿತು.
ಕಳೆದ ಸಲ ನಾನೇ ಒಂದು ಕಿವಿ ತಿದ್ದಲು ಹೋಗಿ
ರಾತ್ರಿ ಮೂರು ಸಲ
ಅವನನ್ನು ಗೇಟಿನಿಂದ ಎತ್ತಿ ತರಬೇಕಾಯಿತು.

ಇನ್ನೊಂದು. ಹೋದ ಗುರುವಾರ ಹೂಮಳೆ ಬಿತ್ತಲ್ಲ,
ಲೆಕ್ಕದ ಪ್ರಕಾರ ನಾನಿಲ್ಲದಾಗಲೇ ಕಾಫಿ ಬಿಳಿಯಾಗುತ್ತದೆ.
ಪಾಲಿಬೆಟ್ಟವೆಲ್ಲ ಉಸಿರೆಳೆದು ಆಹಾ ಅನ್ನುತ್ತದೆ.
ಅವನಿಗೆ ಮಾತ್ರ ಆ ನಾಲ್ಕು ದಿನ
ಎಲ್ಲಿ ಮೂಸಿದರೂ ಮಲ್ಲಿಗೆ,
ಎಲ್ಲಿ ನಿಂತರೂ ಗೇಟು.
ಅಂಗಳದ ನಡುವೆ ಒಂದು ಮುಂಗಾಲೆತ್ತಿ ನಿಂತುಬಿಡುತ್ತಾನೆ
ಪರೇಡಿನಲ್ಲಿ ಆರ್ಡರು ಮರೆತವನ ಹಾಗೆ.
ಕೂಗಬೇಡ. ಹಗ್ಗ ಹಾಕಿ ಎಳೆಯಬೇಡ.
ರೋಸ್‌ಮೆರಿಯ ಒಂದು ಕುಡಿ ಬೆರಳಲ್ಲಿ ತಿಕ್ಕಿ
ಅವನ ಮೂಗಿನೆತ್ತರಕ್ಕೆ ಬಗ್ಗಿ ಮುಂದೆ ನಡೆ,
ಮೆಟ್ಟಿಲವರೆಗೆ.
ಬೆನ್ನು ನೋಯುತ್ತದೆ, ಗೊತ್ತು.

ನನಗೂ ಅಲ್ಲಿ ಪಟ್ಟಿ ಕಟ್ಟಿರುತ್ತಾರಂತೆ.
ಬ್ಯಾಗಿನ ಜೇಬಿಗೆ ಕಾಮಿನಿಯ ನಾಲ್ಕೆಲೆ ಹಾಕಿಕೊಂಡಿದ್ದೇನೆ,
ಯಾಕೋ.
ನಗಬೇಡ ಮಾರಾಯ. ಅಗೋ ಬಸ್ಸು ಬಂತು.
ನೀಲಿ ಕುರ್ಚಿ, ನೆನಪಿರಲಿ.